ಪರೀಕ್ಷೆಯೆಂಬ ತಕ್ಕಡಿ

ಸುತ್ತಲೂ ನೋಡುವುದೆಂಬುದೇ ‘ಪರೀಕ್ಷೆ’ ಎಂಬ ಶಬ್ದದ ಮೂಲಾರ್ಥ. ಆದರೆ ಲಕ್ಷಾಂತರ ವಿದ್ಯಾರ್ಥಿಗಳನ್ನು ಹಾಗೆ ನೋಡುವ ಬಿಡುವು ಯಾವ ಗುರುವಿಗುಂಟು? ಆದುದರಿಂದ ತಕ್ಕಡಿಯೊಂದು ಬೇಕಾಯಿತು. ಅದು ಕಾಗದದ್ದಾಗಿರಬೇಕೆ, ಗಣಕಯಂತ್ರದ್ದಾಗಿರಬೇಕೆ ಎಂಬುದು ಮೇಲುನೋಟಕ್ಕೆ ಸೌಕರ್ಯದ ಮಾತು; ವಿಚಾರಿಸಿದರೆ ನ್ಯಾಯದ ಮಾತು.

ಕಾಗದದ ಪಕ್ಷಕ್ಕೆ ದೊಡ್ಡ ಬಲವೊಂದಿದೆ. 2024ರ ಮೇ 5ರಂದು ನಡೆದ ವೈದ್ಯಕೀಯ ಪ್ರವೇಶದ ನೀಟ್ ಪರೀಕ್ಷೆಗೆ 23 ಲಕ್ಷಕ್ಕೂ ಮಿಕ್ಕ ಅಭ್ಯರ್ಥಿಗಳು ಒಂದೇ ದಿನ, ಒಂದೇ ಹೊತ್ತಿನಲ್ಲಿ ಕುಳಿತರು. ಈ ಸಮಾನತೆ ಕಣ್ಣಿಗೆ ಕಾಣುವಂಥದು. ಆದರೆ ಕಾಗದವು ಮುದ್ರಣಾಲಯದಿಂದ ಕೊಠಡಿಯವರೆಗೆ ಹಲವು ಕೈಗಳನ್ನು ದಾಟಬೇಕು. ಒಂದು ಕೈ ಕೆಟ್ಟರೂ ಸಾಕು. ಹಜಾರಿಬಾಗ್, ಪಾಟ್ನಾಗಳಲ್ಲಿ ಪ್ರಶ್ನೆಗಳು ಸೋರಿದ್ದು ನಿಜವೆಂದು ಸರ್ವೋಚ್ಚ ನ್ಯಾಯಾಲಯವು ಆ ಜುಲೈಯಲ್ಲಿ ಹೇಳಿತು. ಆದರೆ ಸೋರಿಕೆಯು ದೇಶವ್ಯಾಪಿಯೆನ್ನಲು ಆಧಾರ ಸಾಲದೆಂದು ಮರುಪರೀಕ್ಷೆಯನ್ನು ವಿಧಿಸಲಿಲ್ಲ.

ಯಂತ್ರದ ದಾರಿಯಲ್ಲಿ ಕೈಗಳು ಕಡಮೆ. ಶಾಯಿ ತುಂಬಿದ ವೃತ್ತವನ್ನು ಅಳಿಸಲಾರದ ಸಂಕಟವೂ ಇಲ್ಲ. ಅದೂ ನಿಷ್ಕಳಂಕವಲ್ಲ: 2021ರ ಜೆಇಇ ಮೇನ್ ಪರೀಕ್ಷೆಯಲ್ಲಿ ದೂರದಿಂದಲೇ ಯಂತ್ರವನ್ನು ನಡೆಸಿ ಮೋಸಮಾಡಿದರೆಂಬ ಆಪಾದನೆಯ ಮೇಲೆ ಸಿಬಿಐ ಮೊಕದ್ದಮೆ ಹೂಡಿತು. ಮೇಲಾಗಿ ಎಲ್ಲರಿಗೂ ಏಕಕಾಲದಲ್ಲಿ ಯಂತ್ರಗಳು ದೊರೆಯವು. ಆದುದರಿಂದ ಆ ಪರೀಕ್ಷೆಯಲ್ಲಿ ಹಲವು ಸರದಿಗಳು, ಸರದಿಗೊಂದು ಪ್ರಶ್ನಪತ್ರಿಕೆ. ಬೇರೆಬೇರೆ ಪತ್ರಿಕೆಗಳ ಅಂಕಗಳನ್ನು ಹೋಲಿಸಲಾಗದು; ತನ್ನ ಸರದಿಯ ನೂರು ಮಂದಿಯಲ್ಲಿ ತನಗೆ ಸಮನಾಗಿಯೋ ಕೆಳಗಾಗಿಯೋ ನಿಂತವರೆಷ್ಟೆಂಬ ಪರ್ಸೆಂಟೈಲ್ ಲೆಕ್ಕವೇ ತೂಕವಾಗುತ್ತದೆ. ಎಲ್ಲ ಸರದಿಗಳ ಗುಂಪುಗಳೂ ಶಕ್ತಿಯಲ್ಲಿ ಸರಿಸಮವೆಂಬ ನಂಬಿಕೆಯೇ ಇದಕ್ಕೆ ತಳಹದಿ. ಗುಂಪು ದೊಡ್ಡದಾದರೆ ನಂಬಿಕೆ ಸಾಧುವೇ ಸರಿ. ಆದರೆ ಮಗಳ ಅಂಕಗಳನ್ನು ಬೆರಳೆಣಿಸಿ ಕೂಡಬಲ್ಲ ರೈತನು ಈ ಲೆಕ್ಕವನ್ನು ಕೂಡಲಾರನು; ಉಳಿದ ಮಕ್ಕಳ ಅಂಕಗಳು ಅವನ ಕೈಯಲ್ಲಿಲ್ಲ.

ಧರ್ಮಸೂಕ್ಷ್ಮವಿರುವುದು ಇಲ್ಲಿಯೇ. ಸರಿಯಾಗಿ ತೂಗುವುದು ಒಂದು ಋಣ. ತೂಗಿದ್ದನ್ನು ತೋರಿಸುವುದು ಇನ್ನೊಂದು. ಕಾಗದವು ಎರಡನೆಯದನ್ನು ಸುಲಭವಾಗಿ ತೀರಿಸಿ ಮೊದಲನೆಯದರಲ್ಲಿ ಜಾರಬಹುದು. ಯಂತ್ರವು ಮೊದಲನೆಯದನ್ನು ಬಹುಮಟ್ಟಿಗೆ ತೀರಿಸಿ ಎರಡನೆಯದನ್ನು ಬಾಕಿ ಉಳಿಸಬಹುದು. ಕಳವಾದ ಪ್ರಶ್ನೆಯ ಹಾನಿಯನ್ನು ಯಾವ ವಿವರಣೆಯೂ ತುಂಬದು. ತಿಳಿಯದ ಲೆಕ್ಕವನ್ನಾದರೋ ತಿಳಿಯಹೇಳಬಹುದು. ಈ ಕಾರಣದಿಂದ ಯಂತ್ರದ ಪಕ್ಷವೇ ಮೇಲೆನ್ನಬಹುದು, ಆದರೆ ಎರಡು ಕಟ್ಟುಪಾಡುಗಳೊಡನೆ. ಲೆಕ್ಕದ ರೀತಿಯನ್ನು ಅಭ್ಯರ್ಥಿಯ ತಾಯ್ನುಡಿಯಲ್ಲಿ ಬಿಡಿಸಿ ಹೇಳಬೇಕು. ಯಂತ್ರವನ್ನು ಮುಟ್ಟುವ ಮೊದಲ ದಿನವೇ ಯಾವ ಮಗುವಿಗೂ ಪರೀಕ್ಷೆಯ ದಿನವಾಗಬಾರದು. ಅಲ್ಲಿ ತೂಗಲ್ಪಡುವುದು ಬರಿಯ ಅಂಕವಲ್ಲ. ಎಳೆಯ ಜೀವವೊಂದರ ವರುಷಗಳು.