ಬೇಲಿಯೇ ಎದ್ದು ಹೊಲ ಮೇಯ್ದರೆ

‘ಬೇಲಿಯೇ ಎದ್ದು ಹೊಲ ಮೇಯ್ದಂತೆ’ ಎಂಬ ಗಾದೆಯನ್ನು ಲಂಚಕೋರ ಅಧಿಕಾರಿಗೆ ಅನ್ವಯಿಸಿ ಕೈತೊಳೆದುಕೊಳ್ಳುವುದು ನಮ್ಮ ರೂಢಿ. ಆದರೆ ಈ ಮಾತು ಕಟ್ಟಿದವನು ಬೇಲಿಯೇ ಬೇಡವೆಂದವನಲ್ಲ. ದನ ನುಗ್ಗುವ ಭಯಕ್ಕೆ ತಾನೇ ಮುಳ್ಳು ಕಡಿದು ತಂದು ಬೇಲಿ ಹಾಕಿದ ರೈತ ಅವನು. ಅವನ ಸಂಕಟ ಹುಟ್ಟುವುದೇ ಅಲ್ಲಿಂದ.

ಹುಮನಾಬಾದಿನಿಂದ ಹೈದರಾಬಾದಿಗೆ ಹೋಗುವಾಗ ನಗರಕ್ಕೆ ಮೊದಲು ಸಿಗುವ ಪಟಾನ್‌ಚೆರು ಕಾರ್ಖಾನೆಗಳ ಊರು. ಬೀದರ್ ಕಡೆಯ ನಮ್ಮವರೂ ಕೂಲಿಗೆ ಹಿಡಿಯುವ ದಾರಿ ಅದು. ಆ ಹೈದರಾಬಾದಿನ ದಿಲ್‌ಸುಖ್‌ನಗರದಲ್ಲಿ ಬಾಂಬ್ ಸಿಡಿದ 2013ರಲ್ಲೇ ಅಂದಿನ ಆಂಧ್ರ ಸರ್ಕಾರ ಜನ ಸೇರುವ ಕಡೆಯೆಲ್ಲ ಸಿಸಿ ಕ್ಯಾಮೆರಾ ಕಡ್ಡಾಯ ಮಾಡುವ ಕಾಯ್ದೆ ತಂದಿತು. ಭಯ ಸುಳ್ಳಲ್ಲ, ಬೇಲಿ ಬೇಕಿತ್ತು. 2021ರ ಲಾಕ್‌ಡೌನಿನಲ್ಲಿ ಹೈದರಾಬಾದಿನ ಸಾಮಾಜಿಕ ಕಾರ್ಯಕರ್ತ ಎಸ್.ಕ್ಯೂ. ಮಸೂದ್ ಅವರನ್ನು ಪೊಲೀಸರು ಬೀದಿಯಲ್ಲಿ ತಡೆದು, ಮಾಸ್ಕ್ ತೆಗೆಯಲು ಹೇಳಿ, ಫೋಟೊ ತೆಗೆದುಕೊಂಡರು. ಆ ಫೋಟೊ ಎಲ್ಲಿ ಬಳಕೆಯಾಗುತ್ತದೋ ಎಂಬ ಆತಂಕದಿಂದ ಮಸೂದ್ ಮುಖ ಗುರುತಿಸುವ ತಂತ್ರಜ್ಞಾನದ ವಿರುದ್ಧ ಹೈಕೋರ್ಟಿಗೆ ಹೋದರು. ಬೇಲಿ ಬದು ದಾಟಿ ಹೊಲಕ್ಕೆ ಕಾಲಿಟ್ಟದ್ದು ಹೀಗೆ.

ಈ ಸೀಮೆಗೆ ಇದು ಹೊಸದೇನಲ್ಲ. ಅಪ್ಪಣೆಯಿಲ್ಲದೆ ಸಭೆ ಸೇರಬಾರದೆಂಬ ನಿಜಾಮನ ‘ಗಸ್ತಿ ನಿಶಾನ್ 53’ ಕೂಡ ಶಾಂತಿಪಾಲನೆಯ ಹೆಸರಿನಲ್ಲೇ ಬಂದದ್ದು.

ಬೇಲಿಗೆ ಗೆರೆ ಎಳೆಸಿದವರು ಕನ್ನಡ ನಾಡಿನವರು ಎಂಬುದು ನನಗೆ ಹೆಮ್ಮೆ. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ 2012ರಲ್ಲಿ, 86ನೇ ವಯಸ್ಸಿನಲ್ಲಿ, ಆಧಾರ್ ಪ್ರಶ್ನಿಸಿ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ಆ ಪ್ರಕರಣದಲ್ಲೇ 2017ರ ಆಗಸ್ಟ್ 24ರಂದು ಒಂಬತ್ತು ನ್ಯಾಯಮೂರ್ತಿಗಳ ಪೀಠ ಖಾಸಗಿತನ ಮೂಲಭೂತ ಹಕ್ಕೆಂದು ಒಮ್ಮತದಿಂದ ಸಾರಿತು. ಆ ಹಕ್ಕಿಗೆ ಕಡಿವಾಣ ಹಾಕಲೇಬಾರದು ಎಂದೇನೂ ಹೇಳಲಿಲ್ಲ. ಕಡಿವಾಣಕ್ಕೆ ಕಾನೂನಿನ ಬಲವಿರಬೇಕು, ಉದ್ದೇಶ ನ್ಯಾಯವಾಗಿರಬೇಕು, ಉದ್ದೇಶಕ್ಕೆ ತಕ್ಕಷ್ಟೇ ಇರಬೇಕು ಎಂದಿತು.

ಮತ್ತೆ ಆ ಕೂಲಿಯ ದಾರಿಗೆ ಬರೋಣ. ಪಟಾನ್‌ಚೆರು ಮಂಡಲದ ಪಾಶಮೈಲಾರಂನಲ್ಲಿ 2025ರ ಜೂನ್ 30ರಂದು ಔಷಧ ಕಚ್ಚಾವಸ್ತುಗಳ ಕಾರ್ಖಾನೆಯೊಂದು ಸ್ಫೋಟಗೊಂಡು 40ಕ್ಕೂ ಹೆಚ್ಚು ಮಂದಿ ಸತ್ತರು. ಎಷ್ಟೋ ದೇಹಗಳನ್ನು ಗುರುತಿಸಲು ಡಿಎನ್‌ಎ ಪರೀಕ್ಷೆಯೇ ಬೇಕಾಯಿತು. ಕೂಲಿಗೆ ಬಂದವನಿಗೆ ಬೇಕಾದ ಭದ್ರತೆ ಯಂತ್ರದ ಪಕ್ಕದಲ್ಲಿ. ನಾವೋ, ಭದ್ರತೆ ಎಂದ ಕೂಡಲೇ ಅವನ ಮುಖದ ಫೋಟೊ ತೆಗೆಯಲು ಹೊರಡುತ್ತೇವೆ.

ನಿಮ್ಮ ಬಡಾವಣೆಯಲ್ಲಿ ಕ್ಯಾಮೆರಾಕ್ಕೆಂದು ಚಂದಾ ಕೇಳಲು ಬಂದರೆ ಕೊಡಿ. ಆದರೆ ಅದರಲ್ಲಿ ಸೆರೆಯಾದದ್ದು ಯಾರ ಕೈಯಲ್ಲಿ, ಎಷ್ಟು ದಿನ ಇರುತ್ತದೆ, ಅಳಿಸುವವರು ಯಾರು ಎಂದು ಕೇಳಿಯೇ ಕೊಡಿ.