ಒಂದೇ ಸ್ವರವಾದಾಗ ಇಳಿದ ಮಹಿಮೆ

ಸತ್ಯವೇದ ತೆರೆಯಿರಿ. ಒಂದನೇ ಪೂರ್ವಕಾಲವೃತ್ತಾಂತ 25ನೇ ಅಧ್ಯಾಯ, 7 ಮತ್ತು 8ನೇ ವಚನ. ಸಿಕ್ಕಿದವರು ಆಮೆನ್ ಹೇಳಿ.

ದಾವೀದನು ಹಾಡಿನ ಸೇವೆಗೆ ಜನರನ್ನ ನೇಮಿಸ್ತಾನೆ. ಎಷ್ಟು ಜನ? 288. ಹನ್ನೆರಡು ಹನ್ನೆರಡು ಜನರ 24 ತಂಡಗಳು. ಇವರೆಲ್ಲ ಹಾಡುವುದನ್ನು ಕಲಿತವರು ಅಂತ ವಾಕ್ಯ ಹೇಳುತ್ತೆ. ಮುಂದಿನ ವಚನ ನೋಡಿ. ಸರದಿಗೋಸ್ಕರ ಚೀಟಿ ಹಾಕಿದಾಗ ದೊಡ್ಡವರು, ಚಿಕ್ಕವರು, ಕಲಿಸುವವರು, ಕಲಿಯುವವರು ಅಂತ ಭೇದ ಮಾಡಲಿಲ್ಲ. ಈ ವಚನಗಳನ್ನ ನಾನು ಬೈಬಲ್ ಕಾಲೇಜಿನಲ್ಲಿ ಓದಿದ್ದೆ, ಪರೀಕ್ಷೆಯಲ್ಲೂ ಬರೆದಿದ್ದೆ. ಆದರೆ ಕಲಿತಿರಲಿಲ್ಲ. ಯಾಕೆ ಅಂತ ಆಮೇಲೆ ಹೇಳ್ತೀನಿ.

1904ರ ವೇಲ್ಸ್ ಉಜ್ಜೀವನದ ಬಗ್ಗೆ ನಾವೆಲ್ಲ ಕೇಳಿದ್ದೇವೆ. ಅದಕ್ಕೆ ಮೂವತ್ತು ವರ್ಷ ಮುಂಚೆ ಅದೇ ವೇಲ್ಸ್‌ನಲ್ಲಿ ಏನಾಯ್ತು ಅಂತ ಕೇಳಿದವರು ಕಡಿಮೆ.

ದಕ್ಷಿಣ ವೇಲ್ಸ್‌ನ ಕಣಿವೆಗಳಲ್ಲಿ ಕಲ್ಲಿದ್ದಲು ಗಣಿಗಳು, ಕಬ್ಬಿಣದ ಕಾರ್ಖಾನೆಗಳು. ಅಲ್ಲಿ ಆಬರ್ಡೇರ್ ಎಂಬ ಊರಿನ ಹತ್ತಿರ 1834ರಲ್ಲಿ ಗ್ರಿಫಿತ್ ರೀಸ್ ಜೋನ್ಸ್ ಹುಟ್ಟಿದ. ಜನ ಅವನನ್ನ ಕರೀತಿದ್ದದ್ದು ಕರಾಡೋಗ್ ಅಂತ. ಕಸುಬಿನಲ್ಲಿ ಕಮ್ಮಾರ. ಕುಲುಮೆಯ ಮುಂದೆ ಸುತ್ತಿಗೆ ಹಿಡಿದ ಕೈ ಅದು. ಆ ಕಮ್ಮಾರನು 450ಕ್ಕೂ ಹೆಚ್ಚು ಜನರ ಗಾಯನ ತಂಡವನ್ನ ನಡೆಸಿದ. ‘ಕೋರ್ ಮಾವ್ರ್’ ಅಂತ ಅದರ ಹೆಸರು, ಅಂದರೆ ದೊಡ್ಡ ಕೊಯರ್. ಹಾಡಿದವರು ಯಾರು? ಗಣಿಯಲ್ಲಿ ದುಡಿಯುವವರು, ಅವರ ಮನೆಯವರು, ಊರಿನ ಸಾಮಾನ್ಯ ಜನ. 1872ರಲ್ಲಿ ಈ ಕೊಯರ್ ಲಂಡನ್ನಿನ ಕ್ರಿಸ್ಟಲ್ ಪ್ಯಾಲೇಸ್ ಸ್ಪರ್ಧೆಗೆ ಹೋಯ್ತು. ಎದುರಿಗೆ ಯಾರೂ ಬರಲಿಲ್ಲ, ಬಹುಮಾನ ಸಿಕ್ತು. ‘ಎದುರಾಳಿಯೇ ಇಲ್ಲದ ಗೆಲುವು ಏನು ಗೆಲುವು’ ಅನ್ನೋ ಹಾಗಿಲ್ಲ. 1873ರಲ್ಲಿ ಮತ್ತೆ ಹೋದರು, ಲಂಡನ್ನಿನ ಒಂದು ಕೊಯರ್‌ನ ಎದುರು ಹಾಡಿ ಗೆದ್ದು ಬಂದರು. ಇವತ್ತಿಗೂ ಆಬರ್ಡೇರ್ ಊರಿನ ನಡುವೆ ಕರಾಡೋಗ್‌ನ ಪ್ರತಿಮೆ ನಿಂತಿದೆ.

ಆ ಜನರಿಗೆ ಇದು ಬಂದದ್ದು ಹೇಗೆ? ಹುಟ್ಟಿನಿಂದಲ್ಲ ಪ್ರಿಯರೇ. ಕಲಿಸಿದರು! ಜಾನ್ ಕರ್ವನ್ ಅಂತ ಒಬ್ಬ ಇಂಗ್ಲಿಷ್ ಸಭಾಪಾಲಕ. ಸಂಗೀತದ ಕಷ್ಟವಾದ ಬರಹ ಬಡವರಿಗೂ ಸಂಡೇ ಸ್ಕೂಲ್ ಮಕ್ಕಳಿಗೂ ಅರ್ಥ ಆಗಲ್ಲ ಅಂತ ಅವನು ಕಂಡ. ಸಾರಾ ಗ್ಲೋವರ್ ಎಂಬ ಸಹೋದರಿ ಮಾಡಿದ್ದ ಪದ್ಧತಿಯನ್ನ ತಿದ್ದಿ ‘ಟಾನಿಕ್ ಸೋಲ್‌ಫಾ’ ಹರಡಿದ. ಡೋ, ರೇ, ಮೀ. ನಮ್ಮ ಸ ರಿ ಗ ಮ ಇದ್ದ ಹಾಗೆ ಸ್ವರಕ್ಕೊಂದು ಅಕ್ಷರ. ಅಕ್ಷರ ಬಂದರೆ ಸಾಕು, ಹಾಡು ಓದಬಹುದು. ವೇಲ್ಸ್‌ನ ಸಭೆಗಳು ಅದನ್ನ ಎರಡು ಕೈಯಲ್ಲಿ ತೆಗೆದುಕೊಂಡವು. ದುಡಿದು ದಣಿದ ಜನ ತಮ್ಮ ತಮ್ಮ ಚಾಪೆಲ್‌ಗಳಲ್ಲಿ ಕೂತು ನಾಲ್ಕು ಸ್ವರಭಾಗಗಳನ್ನ ಕಲಿತರು.

ಈಗ 1904ಕ್ಕೆ ಬನ್ನಿ. ಇವಾನ್ ರಾಬರ್ಟ್ಸ್, 26 ವರ್ಷದ ಯೌವನಸ್ಥ. ಗಣಿಯಲ್ಲಿ ದುಡಿದವನು, ಆಮೇಲೆ ಕಮ್ಮಾರ ಕೆಲಸ ಕಲಿಯಲು ಹೋದವನು. ಮತ್ತೆ ಕುಲುಮೆ! ಕರ್ತನ ಕೆಲಸ ನೋಡಿ. ಆ ಕೂಟಗಳಲ್ಲಿ ಹಾಡಿನ ಪಟ್ಟಿ ಇರಲಿಲ್ಲ, ಮುಂದೆ ನಿಂತು ಕೈ ಆಡಿಸುವವರು ಇರಲಿಲ್ಲ. ಯಾರೋ ಒಬ್ಬರು ಮೂಲೆಯಿಂದ ಶುರು ಮಾಡಿದರೆ ಇಡೀ ಸಭೆ ನಾಲ್ಕು ಭಾಗಗಳಲ್ಲಿ ಹಾಡ್ತಿತ್ತು. ಆ ಸುದ್ದಿ 1905ರಲ್ಲಿ ಖಾಸಿ ಬೆಟ್ಟಗಳಲ್ಲಿ ಬೆಂಕಿ ಹಚ್ಚಿತು. ನಮ್ಮ ಪಶ್ಚಿಮ ಘಟ್ಟದ ಗಂಗಾಮೂಲದಲ್ಲಿ ಹುಟ್ಟಿದ ಪಂಡಿತಾ ರಮಾಬಾಯಿಯವರ ಕೆಡಗಾಂವ್ ಮುಕ್ತಿ ಮಿಷನ್‌ನಲ್ಲೂ ಹಚ್ಚಿತು. ದೇವರಿಗೆ ಸ್ತೋತ್ರ!

‘ಆತ್ಮನು ನಡೆಸ್ತಾನೆ ಪಾಸ್ಟರ್, ಪ್ರಾಕ್ಟೀಸ್ ಯಾಕೆ?’ ಅಂತ ನೀವು ಕೇಳ್ತೀರಿ. ಹೌದು, ಆತ್ಮನೇ ನಡೆಸ್ತಾನೆ. ಆದರೆ ಆ ರಾತ್ರಿಗಳಲ್ಲಿ ತಟ್ಟನೆ ಹಾಡಿದ ಬಾಯಿಗಳು ಎಷ್ಟೋ ವರ್ಷ ಕಲಿತ ಬಾಯಿಗಳು. ಕಟ್ಟಿಗೆ ಜೋಡಿಸಿದ್ದು ಜನ, ಬೆಂಕಿ ಕೊಟ್ಟದ್ದು ದೇವರು.

ಈಗ ನನ್ನ ವಿಷಯ. ಎರಡು ವರ್ಷದ ಹಿಂದೆ ಕನ್ವೆನ್ಷನ್ ಇತ್ತು. ಚೆನ್ನಾಗಿ ಹಾಡೋ ಆರು ಜನರನ್ನ ಆರಿಸಿದೆ. ನಮ್ಮ ಸಭೆಯ ಒಬ್ಬ ತಾಯಿ ಮೊದಲಿಂದಲೂ ಕೊಯರ್‌ನಲ್ಲಿ ಇದ್ದವರು. ಸ್ವರ ತಪ್ಪುತ್ತೆ, ಆದರೆ ಗಟ್ಟಿಯಾಗಿ ಹಾಡ್ತಾರೆ. ‘ನೀವು ಬೇಡಮ್ಮ’ ಅನ್ನೋ ಧೈರ್ಯ ನನಗೆ ಬರಲಿಲ್ಲ. ಸೌಂಡ್ ನೋಡ್ಕೊಳ್ಳೋ ತಮ್ಮನಿಗೆ ಹೇಳಿ ಅವರ ಮೈಕ್ ಆಫ್ ಮಾಡಿಸಿದೆ. ಮೂರು ದಿನ ಆ ತಾಯಿ ಸತ್ತ ಮೈಕ್ ಹಿಡಿದು ಕಣ್ಣು ಮುಚ್ಚಿ ಹಾಡಿದರು. ಆಮೇಲೆ ಅವರಿಗೆ ಗೊತ್ತಾಯ್ತು. ಜಗಳ ಆಡಲಿಲ್ಲ. ಭಾನುವಾರ ಬರ್ತಿದ್ದರು, ಹಿಂದೆ ಕೂರ್ತಿದ್ದರು, ಬಾಯಿ ಮಾತ್ರ ತೆರೆಯಲಿಲ್ಲ.

ಕೊನೆಗೆ ಕರ್ತನು ನನ್ನನ್ನ ಮುರಿದನು. ಅವರ ಮನೆಗೆ ಹೋಗಿ ಕ್ಷಮೆ ಕೇಳಿದೆ. ಅವರು ಹೇಳಿದ್ದು ಇಷ್ಟೇ: ‘ತಪ್ಪಾಗಿ ಹಾಡ್ತೀನಿ ಅಂತ ಯಾರಾದರೂ ಹೇಳಿಕೊಟ್ಟಿದ್ದರೆ ಕಲೀತಿದ್ದೆ ಅಯ್ಯಾ.’

ನನಗೆ ಉತ್ತರ ಇರಲಿಲ್ಲ. ವೇಲ್ಸ್‌ನಲ್ಲಿ ಗಣಿ ಕೆಲಸಗಾರನಿಗೆ ಕೂತು ಕಲಿಸಿದರು. ನಾನು ಸ್ವಿಚ್ ಆಫ್ ಮಾಡಿಸಿದೆ. ಕಲಿಸೋಕೆ ತಾಳ್ಮೆ ಬೇಕು, ಪ್ರೀತಿ ಬೇಕು. ಸ್ವಿಚ್‌ಗೆ ಬೆರಳು ಸಾಕು.

ಎರಡನೇ ಪೂರ್ವಕಾಲವೃತ್ತಾಂತ 5ನೇ ಅಧ್ಯಾಯ ನೋಡಿ. ತುತೂರಿ ಊದುವವರೂ ಹಾಡುವವರೂ ಒಂದೇ ಸ್ವರವಾದಾಗ ಮೇಘವು ಆಲಯವನ್ನ ತುಂಬಿತು, ಯಾಜಕರು ನಿಲ್ಲೋಕೂ ಆಗಲಿಲ್ಲ. ಆ ಒಂದೇ ಸ್ವರ, ತಪ್ಪಿದವರನ್ನ ಹೊರಗೆ ಹಾಕಿ ಮಾಡಿದ್ದಲ್ಲ. ಚಿಕ್ಕವರನ್ನೂ ಕಲಿಯುವವರನ್ನೂ ಒಳಗೆ ಇಟ್ಟುಕೊಂಡೇ ಮಾಡಿದ್ದು.

ಈ ಶನಿವಾರ ಸಂಜೆ ಆರಕ್ಕೆ ಪ್ರಾಕ್ಟೀಸ್. ಆ ತಾಯಿ ಬರ್ತೀನಿ ಅಂದಿದ್ದಾರೆ. ನಾನೂ ಕಲಿಯೋದಕ್ಕೆ ಕೂರ್ತೀನಿ. ‘ನನಗೆ ಸ್ವರ ಇಲ್ಲ’ ಅನ್ನೋರು ಮೊದಲು ಬನ್ನಿ. ಎದ್ದು ನಿಲ್ಲೋಣ, ಪ್ರಾರ್ಥಿಸೋಣ.

ಪರಲೋಕದ ತಂದೆಯೇ, ನಾವು ಮುಚ್ಚಿಸಿದ ಬಾಯಿಗಳಿಗಾಗಿ ನಮ್ಮನ್ನು ಕ್ಷಮಿಸು. ಕಲಿಸುವ ತಾಳ್ಮೆಯನ್ನೂ ಕಲಿಯುವ ತಗ್ಗಿದ ಮನಸ್ಸನ್ನೂ ಕೊಡು. ನಮ್ಮನ್ನು ಒಂದೇ ಸ್ವರ ಮಾಡು, ನಿನ್ನ ಮಹಿಮೆ ಈ ಸಭೆಯನ್ನು ತುಂಬಲಿ. ಯೇಸುವಿನ ನಾಮದಲ್ಲಿ ಬೇಡುತ್ತೇವೆ ತಂದೆಯೇ. ಆಮೆನ್.