ಆಜ್ಞೆಯಿಲ್ಲದ ನ್ಯಾಯ

ದೊಡ್ಡ ಅನ್ಯಾಯಗಳಿಗೆ ಲೋಕದಲ್ಲಿ ನ್ಯಾಯಸ್ಥಾನಗಳುಂಟು. ಕೊಲೆ, ಕಳವು, ಆಸ್ತಿಯ ಅಪಹಾರ ಮೊದಲಾದುವನ್ನು ವಿಚಾರಿಸುವುದಕ್ಕೆ ಶಾಸನಗಳೂ ನ್ಯಾಯಾಧಿಪತಿಗಳೂ ಇದ್ದಾರೆ. ಆದರೆ ಮನುಷ್ಯನ ದಿನದಿನದ ಬಾಳನ್ನು ಕಹಿಮಾಡತಕ್ಕವು ಬಹುಮಟ್ಟಿಗೆ ಸಣ್ಣ ಅನ್ಯಾಯಗಳೇ. ಬೀದಿಯ ಕಸವನ್ನು ವಾರಗಟ್ಟಲೆ ಎತ್ತದಿರುವುದು, ಬರೆದ ಕಾಗದಕ್ಕೆ ಉತ್ತರ ಬಾರದಿರುವುದು, ಒಂದು ಕಚೇರಿಯವರು ಮತ್ತೊಂದು ಕಚೇರಿಯ ಕಡೆಗೆ ಕೈದೋರಿಸುವುದು, ನ್ಯಾಯವಾಗಿ ಸಲ್ಲಬೇಕಾದ ನೆರವು ತಿಂಗಳುಗಟ್ಟಲೆ ತಡವಾಗುವುದು—ಇವುಗಳಿಗಾಗಿ ಯಾರು ವಕೀಲರ ಬಾಗಿಲನ್ನು ತಟ್ಟಿಯಾರು? ತಟ್ಟಿದರೂ ವ್ಯಾಜ್ಯದ ವೆಚ್ಚವು ನಷ್ಟವನ್ನು ಮೀರುವುದು. ಸಣ್ಣದೆಂಬ ಕಾರಣದಿಂದಲೇ ಪರಿಹಾರವಿಲ್ಲದೆ ಉಳಿಯುವ ಅನ್ಯಾಯಕ್ಕೆ ಗತಿ ಏನು? ರಾಜ್ಯಶಾಸ್ತ್ರದ ಪ್ರಶ್ನೆಯಂತೆ ತೋರುವ ಇದು ನಿಜವಾಗಿ ಧರ್ಮಶಾಸ್ತ್ರದ ಪ್ರಶ್ನೆ.

ಈ ಪ್ರಶ್ನೆಗೆ ಒಂದು ಉತ್ತರವು ಸ್ವೀಡನ್ ದೇಶದಿಂದ ಬಂದಿತು. ಅಲ್ಲಿ 1809ರ ರಾಜ್ಯಾಂಗವು ಅಧಿಕಾರಿಗಳ ನಡತೆಯನ್ನು ನೋಡಿಕೊಳ್ಳಲು ಜನಪ್ರತಿನಿಧಿ ಸಭೆಯ ಪರವಾಗಿ ಒಬ್ಬನನ್ನು ನಿಯಮಿಸಿತು. ಅವನಿಗೆ ಒಂಬುಡ್ಸ್‌ಮನ್ ಎಂದು ಹೆಸರು. ಪರರ ಪರವಾಗಿ ನಡೆಯುವವನು ಎಂದು ಆ ಮಾತಿನ ಭಾವ. ಡೆನ್ಮಾರ್ಕಿನಲ್ಲಿ 1955ರಲ್ಲಿಯೂ ನ್ಯೂಜಿಲೆಂಡಿನಲ್ಲಿ 1962ರಲ್ಲಿಯೂ ಈ ಪದವಿ ನೆಲೆಗೊಂಡಿತು. ಬ್ರಿಟನ್ನಿನಲ್ಲಿ 1967ರ ಶಾಸನವು ಕೇಂದ್ರ ಸರ್ಕಾರದ ಇಲಾಖೆಗಳಿಗೆ ಇದನ್ನು ಅನ್ವಯಿಸಿತು. ಜನರಿಗೆ ಅತ್ಯಂತ ಸಮೀಪವಾದ ಪೌರಸಭೆಗಳಿಗೆ ಇಂಗ್ಲೆಂಡಿನಲ್ಲಿ ಇದು ಬಂದದ್ದು 1974ರ ಸ್ಥಳೀಯಾಡಳಿತ ಶಾಸನದಿಂದ. ಮೊದಮೊದಲು ಪೌರಸಭೆಯ ಸದಸ್ಯರೊಬ್ಬರ ಮೂಲಕವೇ ದೂರು ಹೋಗಬೇಕಾಗಿತ್ತು. 1988ರಲ್ಲಿ ಆ ಅಡ್ಡಿ ತೊಲಗಿ, ನೊಂದವನು ತಾನೇ ನೇರವಾಗಿ ಬರೆದುಕೊಳ್ಳುವಂತಾಯಿತು.

ಈ ಅಧಿಕಾರಿಯ ವಿಚಾರಣಾಕ್ರಮವು ಮನನಯೋಗ್ಯವಾದುದು. ದೂರನ್ನು ಮೊದಲು ಪೌರಸಭೆಯ ಮುಂದೆಯೇ ಇಡತಕ್ಕದ್ದೆಂಬುದು ಮೊದಲನೆಯ ನಿಯಮ. ತಪ್ಪುಮಾಡಿದವನಿಗೆ ತಾನೇ ತಿದ್ದಿಕೊಳ್ಳುವ ಅವಕಾಶವನ್ನು ಕೊಡದೆ ಅವನನ್ನು ಮೂರನೆಯವನ ಮುಂದೆ ನಿಲ್ಲಿಸುವುದು ನ್ಯಾಯವಲ್ಲವಷ್ಟೆ. ಸಾಮಾನ್ಯವಾಗಿ, ಸಂಗತಿಯು ತಿಳಿದುಬಂದ ಹನ್ನೆರಡು ತಿಂಗಳೊಳಗಾಗಿ ದೂರು ಬರಬೇಕು. ನ್ಯಾಯಸ್ಥಾನದಲ್ಲಿಯೋ ಬೇರೆ ಮೇಲ್ಮನವಿಯ ಮಂಡಲಿಯಲ್ಲಿಯೋ ದಾರಿ ಇದ್ದರೆ ದೂರುಗಾರನು ಸಾಧಾರಣವಾಗಿ ಅಲ್ಲಿಗೇ ಹೋಗತಕ್ಕದ್ದು. ಇಷ್ಟನ್ನೂ ದಾಟಿ ವಿಚಾರಣೆಗೆ ಬಂದ ದೂರಿಗೆ ಶುಲ್ಕವಿಲ್ಲ, ವಕೀಲನ ಅಗತ್ಯವಿಲ್ಲ. ಕಾಗದಪತ್ರಗಳನ್ನು ತರಿಸುವುದರಲ್ಲಿಯೂ ಸಾಕ್ಷಿಗಳನ್ನು ಕರೆಯಿಸುವುದರಲ್ಲಿಯೂ ಒಂಬುಡ್ಸ್‌ಮನ್ನನಿಗೆ ಉಚ್ಚ ನ್ಯಾಯಸ್ಥಾನಕ್ಕಿರುವಷ್ಟೇ ಅಧಿಕಾರವನ್ನು ಶಾಸನವು ಕೊಟ್ಟಿದೆ. ಆದರೆ ವಿಚಾರಣೆಯು ಏಕಾಂತದಲ್ಲಿ ನಡೆಯುತ್ತದೆ. ನಿರ್ಣಯದ ಕರಡನ್ನು ಎರಡು ಪಕ್ಷಕ್ಕೂ ತೋರಿಸಿ ಅವರ ಮಾತನ್ನು ಕೇಳಿದ ಮೇಲೆಯೇ ಅದನ್ನು ಸ್ಥಿರಪಡಿಸುವುದು. ಪ್ರಕಟವಾಗುವ ವರದಿಯಲ್ಲಿ ದೂರುಗಾರನ ಹೆಸರು ಕಾಣುವುದಿಲ್ಲ.

ಇಲ್ಲಿಂದ ಮುಂದೆ ವಿಷಯವು ಸೂಕ್ಷ್ಮವಾಗುತ್ತದೆ. ಒಂಬುಡ್ಸ್‌ಮನ್ನನು ಕೇಳುವ ಪ್ರಶ್ನೆಗಳು ಎರಡು: ಆಡಳಿತದ ನಡೆಯಲ್ಲಿ ದೋಷವಿತ್ತೆ? ಆ ದೋಷದಿಂದ ಈ ಮನುಷ್ಯನಿಗೆ ಅನ್ಯಾಯವಾಯಿತೆ? ದೋಷವೆಂದರೇನೆಂಬುದನ್ನು ಶಾಸನವು ವಿವರಿಸಲಿಲ್ಲ. ಪಾರ್ಲಿಮೆಂಟಿನಲ್ಲಿ ಈ ವಿಷಯ ಚರ್ಚೆಗೆ ಬಂದಾಗ ಮಂತ್ರಿ ರಿಚರ್ಡ್ ಕ್ರಾಸ್‌ಮನ್ ಅವರು ಪಕ್ಷಪಾತ, ಉಪೇಕ್ಷೆ, ವಿಳಂಬ, ಅಸಾಮರ್ಥ್ಯ, ಸ್ವೇಚ್ಛಾವರ್ತನೆ ಮೊದಲಾದ ಕೆಲವನ್ನು ಹೆಸರಿಸಿ, ಪಟ್ಟಿಯನ್ನು ತೆರೆದೇ ಬಿಟ್ಟರು. ಆದರೆ ಒಂದು ಎಲ್ಲೆಯನ್ನು ಶಾಸನವು ಸ್ಪಷ್ಟವಾಗಿ ಎಳೆದಿದೆ. ದೋಷವಿಲ್ಲದೆ ಕೈಕೊಂಡ ನಿರ್ಣಯವು ಒಳ್ಳೆಯದೋ ಕೆಟ್ಟದೋ ಎಂದು ಒಂಬುಡ್ಸ್‌ಮನ್ನನು ಪ್ರಶ್ನಿಸುವಂತಿಲ್ಲ.

ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳಬಹುದು. ಒಬ್ಬ ವೃದ್ಧೆಯ ಕಿಟಕಿಗೆ ಎದುರಾಗಿ ನೆರೆಯವನು ಗೋಡೆಯನ್ನು ಎತ್ತರಿಸಲು ಪೌರಸಭೆಯ ಅನುಮತಿಯನ್ನು ಪಡೆಯುತ್ತಾನೆ. ತನ್ನ ಮನೆಗೆ ಬೆಳಕು ತಪ್ಪುವುದೆಂದು ಆಕೆ ಬರೆದ ಆಕ್ಷೇಪಣೆಯನ್ನು ಕಚೇರಿಯಲ್ಲಿ ಯಾರೂ ಓದುವುದಿಲ್ಲ. ಇದು ನಿಸ್ಸಂದೇಹವಾಗಿ ದೋಷ. ಆದರೆ ಓದಿದ್ದರೂ ಅನುಮತಿಯು ಹಾಗೆಯೇ ದೊರೆಯುತ್ತಿತ್ತೆಂದು ವಿಚಾರಣೆಯಲ್ಲಿ ಕಂಡುಬಂದರೆ? ಆಗ ಬೆಳಕು ಹೋದದ್ದು ಆ ದೋಷದ ಫಲವಲ್ಲ. ತನ್ನ ಮಾತನ್ನು ಕೇಳಲಿಲ್ಲವೆಂಬ ಮನೋವ್ಯಥೆಯೊಂದೇ ಅದರ ಫಲ. ಪೌರಸಭೆಯು ಕ್ಷಮಾಪಣೆಯ ಪತ್ರವನ್ನೂ ಒಂದು ಅಲ್ಪ ಮೊತ್ತವನ್ನೂ ಕೊಡುತ್ತದೆ. ಪತ್ರವು ಆಕೆಯ ಕೈಯಲ್ಲಿ, ಗೋಡೆಯು ಆಕೆಯ ಕಣ್ಣೆದುರಿನಲ್ಲಿ. ಇದನ್ನು ನ್ಯಾಯವೆನ್ನಬಹುದೆ?

ಇದು ನ್ಯಾಯದ ಅಣಕವೆಂದು ಕೆಲವರು ಹೇಳಿಯಾರು. ಆದರೆ ಅವರು ಇನ್ನೊಂದು ಪಕ್ಷವನ್ನೂ ಯೋಚಿಸಬೇಕು. ಊರಿನಲ್ಲಿ ಎಲ್ಲಿ ಯಾವ ಗೋಡೆ ಏಳಬಹುದೆಂದು ನಿಶ್ಚಯಿಸುವ ಭಾರವನ್ನು ಜನರು ತಾವು ಚುನಾಯಿಸಿದವರಿಗೆ ವಹಿಸಿದ್ದಾರೆ. ಅವರು ತಪ್ಪಿದರೆ ಮುಂದಿನ ಚುನಾವಣೆಯಲ್ಲಿ ಕೆಳಗಿಳಿಸಬಹುದು. ಯಾವ ಮತದಾರನಿಗೂ ಉತ್ತರ ಹೇಳಬೇಕಾಗಿಲ್ಲದ ಒಬ್ಬನು ತನಗೆ ಸರಿತೋರಿದಂತೆ ಆ ನಿರ್ಣಯಗಳನ್ನು ಅಳಿಸಿ ಬರೆಯುವುದಾದರೆ, ಪ್ರಜೆಗಳು ಒಬ್ಬ ಒಡೆಯನನ್ನು ಬಿಟ್ಟು ಇನ್ನೊಬ್ಬ ಒಡೆಯನನ್ನು ಕಟ್ಟಿಕೊಂಡಂತಾಯಿತು. ಆದಕಾರಣ ಆ ಎಲ್ಲೆ ವಿವೇಕದ ಎಲ್ಲೆಯೇ. ಹಾಗೆಂದು ವೃದ್ಧೆಯ ದುಃಖವು ಸುಳ್ಳಾಗುವುದಿಲ್ಲ. ಆಕೆಗೆ ದೊರೆತದ್ದು ನ್ಯಾಯದ ಒಂದು ಭಾಗ: ನಡೆದದ್ದು ಏನೆಂಬ ಸತ್ಯ, ಮತ್ತು ತನ್ನನ್ನು ಕಡೆಗಣಿಸಿದ್ದು ತಪ್ಪೆಂಬ ಒಪ್ಪಿಗೆ. ಭಾಗವನ್ನು ಪೂರ್ಣವೆಂದು ಕರೆಯುವುದು ಆತ್ಮವಂಚನೆ. ಭಾಗವೆಂಬ ಕಾರಣದಿಂದ ಅದನ್ನು ತಿರಸ್ಕರಿಸುವುದು ಅವಿವೇಕ.

ಎರಡನೆಯ ಆಕ್ಷೇಪಣೆ ಇನ್ನೂ ಗಟ್ಟಿಯಾದುದು. ಒಂಬುಡ್ಸ್‌ಮನ್ನನು ಶಿಫಾರಸು ಮಾಡಬಲ್ಲನಲ್ಲದೆ ಆಜ್ಞಾಪಿಸಲಾರನು. ಪೌರಸಭೆಯು ವರದಿಯನ್ನು ಪರ್ಯಾಲೋಚಿಸಲೇಬೇಕು. ಅದರಂತೆ ನಡೆಯಲೇಬೇಕೆಂಬ ನಿರ್ಬಂಧವಿಲ್ಲ. ನಡೆಯದಿದ್ದರೆ ಎರಡನೆಯ ವರದಿ ಹೊರಡುತ್ತದೆ. ಅದಕ್ಕೂ ಮಣಿಯದಿದ್ದರೆ, ಹೀಗೆ ಶಿಫಾರಸನ್ನು ನಿರಾಕರಿಸಿದ್ದೇವೆಂಬ ಪ್ರಕಟನೆಯನ್ನು ಪೌರಸಭೆಯು ತನ್ನ ಖರ್ಚಿನಲ್ಲಿಯೇ ಪತ್ರಿಕೆಯಲ್ಲಿ ಅಚ್ಚುಹಾಕಿಸಬೇಕು. ಇಷ್ಟೇ ಅವನ ಕೊನೆಯ ಆಯುಧ. ಹಲ್ಲಿಲ್ಲದ ಹಾವಿಗೆ ಯಾರು ಹೆದರಿಯಾರು?

ಆದರೂ ಶಿಫಾರಸುಗಳನ್ನು ಪೌರಸಭೆಗಳು ಒಪ್ಪಿ ನಡೆಯುವುದೇ ರೂಢಿ, ನಿರಾಕರಿಸುವುದು ಅಪರೂಪ. ಇದಕ್ಕೆ ಕಾರಣವೇನು? ದಂಡಕ್ಕೆ ಹೆದರಿ ತಿದ್ದಿಕೊಂಡವನು ದಂಡವು ಕಣ್ಮರೆಯಾದೊಡನೆ ಹಳೆಯ ದಾರಿಯನ್ನೇ ಹಿಡಿಯಬಹುದು. ಲಜ್ಜೆಗೆ ಅಂಜಿ ತಿದ್ದಿಕೊಂಡವನ ಬೆನ್ನಿಗೆ ಕಾವಲು ಬೇಕಾಗಿಲ್ಲ. ಸಂಸ್ಥೆಗೆ ಮುಖವಿಲ್ಲ, ಆದ್ದರಿಂದ ಅದಕ್ಕೆ ನಾಚಿಕೆಯೂ ಇಲ್ಲವೆಂಬ ಮಾತು ಅರ್ಧಸತ್ಯ. ಸಂಸ್ಥೆಯ ಕ್ಷಮಾಪಣೆಯ ಕಾಗದಕ್ಕೆ ರುಜು ಹಾಕುವ ಕೈ ಮನುಷ್ಯನ ಕೈಯೇ ಆಗಿರುತ್ತದೆ. ನೆರೆಹೊರೆಯವರು ಪತ್ರಿಕೆಯಲ್ಲಿ ಓದುವುದು ಅವನ ಕಚೇರಿಯ ಹೆಸರನ್ನೇ. ಆದರೆ ಲಜ್ಜೆಯು ನೋಡುವವರಿದ್ದಲ್ಲಿ ಮಾತ್ರ ಹುಟ್ಟತಕ್ಕದ್ದು. ವರದಿಯನ್ನು ಓದದ, ಓದಿಯೂ ತನಗೇನೆಂದು ಸುಮ್ಮನಿರುವ ಜನರ ನಡುವೆ ಒಂಬುಡ್ಸ್‌ಮನ್ನನ ಲೇಖನಿಯು ಹುಲ್ಲುಕಡ್ಡಿಗಿಂತ ಹಗುರ. ಅವನ ಬಲವು ಪೌರರ ಎಚ್ಚರದಿಂದ ಕಡವಾಗಿ ಬಂದ ಬಲ.

ಪರಿಹಾರದ ವಿಷಯದಲ್ಲಿಯೂ ಒಂದು ಸೊಗಸಾದ ತತ್ತ್ವವಿದೆ. ದೋಷವು ನಡೆಯದಿದ್ದರೆ ನೊಂದವನು ಯಾವ ಸ್ಥಿತಿಯಲ್ಲಿರುತ್ತಿದ್ದನೋ ಸಾಧ್ಯವಾದಮಟ್ಟಿಗೆ ಆ ಸ್ಥಿತಿಗೆ ಅವನನ್ನು ತರಬೇಕು. ಅಲ್ಲದೆ ಅದೇ ದೋಷದಿಂದ ನೊಂದ ಇತರರೂ ಇದ್ದಾರೆಯೆ ಎಂದು ಪೌರಸಭೆಯು ಹುಡುಕಬೇಕೆಂದೂ, ಮುಂದೆ ಹಾಗಾಗದಂತೆ ಕಾರ್ಯಕ್ರಮವನ್ನು ತಿದ್ದಬೇಕೆಂದೂ ಹೇಳುವುದುಂಟು. ಹೀಗೆ ಒಬ್ಬನ ದೂರು ಅನೇಕರ ಉಪಕಾರವಾಗುತ್ತದೆ. ದೂರುವುದನ್ನು ಜಗಳಗಂಟತನವೆಂದು ಭಾವಿಸುವವರು ಇದನ್ನು ಗಮನಿಸಬೇಕು. ತನಗಾದ ಅನ್ಯಾಯವನ್ನು ತಾಳಿಕೊಳ್ಳುವುದು ಸಹನೆಯಾಗಬಹುದು. ತನ್ನ ಮೌನದಿಂದ ನೆರೆಯವನಿಗೂ ಅದೇ ಅನ್ಯಾಯವಾಗಗೊಡುವುದನ್ನು ಸಹನೆಯೆಂದು ಕರೆಯುವುದು ಕಷ್ಟ.

ಈ ಏರ್ಪಾಡಿನ ನಿಜವಾದ ಕೊರತೆಯೂ ಇಲ್ಲಿಯೇ ಇದೆ. ದೂರು ಬಂದ ಮೇಲೆಯೇ ಅದು ಸಾಮಾನ್ಯವಾಗಿ ಕಣ್ತೆರೆಯುವುದು. ಅತ್ಯಂತ ದುರ್ಬಲರು—ಬರೆಯಲಾರದವರು, ಹಾಸಿಗೆ ಹಿಡಿದವರು, ಇಂಥ ಬಾಗಿಲೊಂದು ಇದೆಯೆಂದೇ ಅರಿಯದವರು—ದೂರುವುದೇ ಇಲ್ಲ. ಅವರ ಪರವಾಗಿ ಒಂದು ಕಾಗದವನ್ನು ಬರೆದುಕೊಡುವ ನೆರೆಯವನು ಇಲ್ಲದಿದ್ದಲ್ಲಿ ಶಾಸನವಿದ್ದೂ ಇಲ್ಲದಂತೆ.

ಕನ್ನಡನಾಡಿಗೂ ಈ ವಿಚಾರವು ಹೊರಗಿನದಲ್ಲ. 1984ರ ಕರ್ನಾಟಕ ಲೋಕಾಯುಕ್ತ ಶಾಸನವು ಅಧಿಕಾರಿಗಳ ಮೇಲಿನ ಆಪಾದನೆಯನ್ನು ಮಾತ್ರವಲ್ಲದೆ, ದುರಾಡಳಿತದಿಂದ ಅನ್ಯಾಯವನ್ನೋ ಅನುಚಿತವಾದ ಕಷ್ಟವನ್ನೋ ಅನುಭವಿಸಿದವನ ಕುಂದುಕೊರತೆಯನ್ನೂ ವಿಚಾರಿಸಲು ಎಡೆಗೊಟ್ಟಿದೆ. ಲಂಚದ ಸುದ್ದಿಯ ಗದ್ದಲದಲ್ಲಿ ಜನರು ಮೊದಲನೆಯದನ್ನು ಬಲ್ಲರು, ಎರಡನೆಯದನ್ನು ಮರೆಯುವರು. ಲಂಚ ಮುಟ್ಟದ ಅಧಿಕಾರಿಯೂ ಉಪೇಕ್ಷೆಯಿಂದ ಒಬ್ಬನ ಬಾಳನ್ನು ಕೆಡಿಸಬಲ್ಲನೆಂಬುದು ನೆನಪಿನಲ್ಲಿರಬೇಕಾದ ಮಾತು.

ರಾಜ್ಯದ ಧರ್ಮವನ್ನು ಅಳೆಯುವವರು ಅದರ ಸೈನ್ಯವನ್ನೂ ಬೊಕ್ಕಸವನ್ನೂ ಎಣಿಸುವುದು ವಾಡಿಕೆ. ಒಬ್ಬ ಅಜ್ಞಾತ ಪ್ರಜೆಯ ಕಾಗದವು ಕಚೇರಿಯ ಮೇಜಿನ ಮೇಲೆ ಎಷ್ಟು ದಿನ ತೆರೆಯದೆ ಬಿದ್ದಿತ್ತೆಂಬುದೂ ಅಂಥದೇ ಒಂದು ಅಳತೆ. ಆ ಲೆಕ್ಕವನ್ನು ಕೇಳುವವನು ಒಬ್ಬನಿರಬೇಕು. ಅವನು ಕೇಳಿದ್ದನ್ನು ಲಕ್ಷ್ಯವಿಟ್ಟು ಓದುವವರು ಊರಿನಲ್ಲಿ ಅನೇಕರಿರಬೇಕು.